ಕೇಳುವ ಮೊದಲೇ ಕೊಡುವ ಸಿಸ್ಟರ್

ದೊಡ್ಡ ಸಿಸ್ಟರ್‌ಗೆ ಜಂಬವೇ ಇರಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಇತ್ತು, ಚೆನ್ನಾಗಿಯೇ ಇತ್ತು. ಆದರೆ ಒಂದೇ ಒಂದು ವಿಷಯಕ್ಕೆ. ಹೃದಯದ ಆಪರೇಷನ್ ನಡೆಯುವಾಗ ಡಾಕ್ಟರು ಬಾಯಿ ಬಿಟ್ಟು ‘ಕತ್ತರಿ’ ಎಂದು ಕೇಳುವ ಪ್ರಸಂಗವನ್ನು ಆಕೆ ಇಷ್ಟು ವರ್ಷಗಳಲ್ಲಿ ಬರಗೊಟ್ಟಿರಲಿಲ್ಲ. ಅವರ ಅಂಗೈ ತೆರೆಯುವಷ್ಟರಲ್ಲಿ ಕತ್ತರಿ ಅದರಲ್ಲಿ ಕೂತಿರುತ್ತಿತ್ತು. ಹೊಸದಾಗಿ ಸೇರಿದ ನರ್ಸ್‌ಗಳು ಇದನ್ನು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು. ಮಾಸ್ಕು ಇದ್ದುದರಿಂದ ಬಾಯಿ ಕಾಣುತ್ತಿರಲಿಲ್ಲ ನಿಜ, ಆದರೆ ಕಣ್ಣು ನೋಡಿದರೆ ಸಾಕು, ಆಕೆಗೆ ಗೊತ್ತಾಗುತ್ತಿತ್ತು. ಮುಖ ನೋಡಿ ಮನಸ್ಸು ತಿಳಿಯುವುದರಲ್ಲಿ ಆಕೆಯದು ಎತ್ತಿದ ಕೈ.

ಡಾಕ್ಟರಿಗೂ ಇದು ಹೇಳಿ ಮಾಡಿಸಿದ ಹಾಗಿತ್ತು. ಮಾತಾಡಿದರೆ ಮುತ್ತು ಉದುರಿಹೋದೀತು ಎಂಬಂತೆ ಇರುವ ಮನುಷ್ಯ ಅವರು. ಆಸ್ಪತ್ರೆಯಲ್ಲಿ ಎಲ್ಲರೂ ಬೆನ್ನ ಹಿಂದೆ ‘ಮೌನಿ ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಲಿಫ್ಟಿನವನಿಗೆ ಬೆರಳೆತ್ತಿ ಮಹಡಿ ತೋರಿಸುತ್ತಿದ್ದರು, ಕ್ಯಾಂಟೀನಿನಲ್ಲಿ ಪಕ್ಕದವರ ತಟ್ಟೆ ತೋರಿಸಿ ತಿಂಡಿ ತರಿಸಿಕೊಳ್ಳುತ್ತಿದ್ದರು. ಸೊಕ್ಕು ಎಂದುಕೊಂಡವರೂ ಇದ್ದರು. ಸೊಕ್ಕಲ್ಲ, ಬರೀ ಸಂಕೋಚ. ದೊಡ್ಡ ಸಿಸ್ಟರ್‌ಗೆ ಅದು ಮೊದಲ ದಿನವೇ ಅರ್ಥವಾಗಿತ್ತು. ಬಲಭುಜ ತುಸು ಕೆಳಗಿಳಿದರೆ ಕತ್ತರಿ. ಹುಬ್ಬು ಗಂಟಾದರೆ ರಕ್ತ ಹೀರುವ ಸಕ್ಷನ್ ಕೊಳವೆ. ತಲೆ ಎಡಕ್ಕೆ ವಾಲಿದರೆ ದೀಪ ತಿರುಗಿಸಬೇಕು. ಮಾಸ್ಕಿನೊಳಗಿಂದ ಒಂದು ದೊಡ್ಡ ಉಸಿರು ಬಂದರೆ ಹೃದಯ ಸರಿಹೋಯಿತು, ಇನ್ನು ಎದೆ ಮುಚ್ಚಬಹುದು.

ಈ ವಿದ್ಯೆ ಆಕೆಗೆ ನರ್ಸಿಂಗ್ ಶಾಲೆಯಲ್ಲಿ ಸಿಕ್ಕಿದ್ದಲ್ಲ. ಚಿಕ್ಕಂದಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಮಗಳನ್ನು ನೀರು ಕೊಡು, ಹೊದಿಕೆ ಹೊದಿಸು ಎಂದು ಕೇಳಲು ಆ ತಾಯಿಗೆ ನಾಚಿಕೆ, ಆಟವಾಡುವ ವಯಸ್ಸಿನ ಮಗುವಿಗೆ ತೊಂದರೆ ಕೊಡುತ್ತಿದ್ದೇನಲ್ಲ ಎಂಬ ಸಂಕಟ. ಹಾಗಾಗಿ ಮಗಳೇ ಅಮ್ಮನ ಮುಖ ನೋಡುತ್ತಾ, ಕೇಳುವ ಮೊದಲೇ ಕೊಡುವುದನ್ನು ಕಲಿತಳು. ಪ್ರೀತಿ ಎಂದರೆ ಅದೇ ಎಂದು ಆಕೆಯ ಮನಸ್ಸಿನಲ್ಲಿ ಆಗಲೇ ಬೇರೂರಿಬಿಟ್ಟಿತ್ತು. ಬೇರೆಯವರಿಂದ ಕೇಳಿಸಿಕೊಳ್ಳುವುದೆಂದರೆ ತಾನು ಎಲ್ಲೋ ಸೋತೆ ಎಂದೇ ಲೆಕ್ಕ.

ಹೀಗಿರುವಾಗ ಆಸ್ಪತ್ರೆಗೆ ರೋಬೋ ಬಂತು. ರೋಬೋ ಎಂದರೆ ಕೈಕಾಲು ಆಡಿಸುತ್ತಾ ಓಡಾಡುವ ಬೊಂಬೆ ಅಲ್ಲ. ರೋಗಿಯ ಪಕ್ಕದಲ್ಲಿ ನಿಲ್ಲುವ ನಾಲ್ಕು ತೋಳಿನ ಯಂತ್ರ. ಎದೆಯನ್ನು ಸೀಳುವ ಬದಲು ಪಕ್ಕೆಲುಬುಗಳ ನಡುವೆ ಸಣ್ಣ ತೂತು ಮಾಡಿ ಆ ತೋಳುಗಳ ತುದಿಯ ಉಪಕರಣಗಳನ್ನು ಒಳಗೆ ಇಳಿಸುತ್ತಾರೆ. ಡಾಕ್ಟರು ರೋಗಿಯ ಹತ್ತಿರವೂ ಇರುವುದಿಲ್ಲ. ಕೋಣೆಯ ಮೂಲೆಯಲ್ಲಿ ಕೂತು, ಒಂದು ಪೆಟ್ಟಿಗೆಗೆ ಮುಖ ಒಡ್ಡಿ, ಬೆರಳುಗಳನ್ನು ಉಂಗುರದಂಥ ಹಿಡಿಕೆಗಳಿಗೆ ಸಿಕ್ಕಿಸಿಕೊಂಡು ಆಡಿಸಿದರೆ ಇಲ್ಲಿ ಯಂತ್ರದ ಬೆರಳು ಆಡುತ್ತದೆ. ತೋಳಿನ ತುದಿಯ ಕತ್ತರಿ ತೆಗೆದು ಸೂಜಿ ಹಿಡಿಯುವ ಇಕ್ಕಳ ಹಾಕುವುದು, ಅದನ್ನು ತೆಗೆದು ಮತ್ತೊಂದು ಹಾಕುವುದು ಪಕ್ಕದಲ್ಲಿ ನಿಂತ ಸಿಸ್ಟರ್ ಕೆಲಸ. ಅಪ್ಪಣೆ ಮೈಕಿನಲ್ಲಿ ಬರಬೇಕು.

ಇವರಿಗೆಲ್ಲ ಕಲಿಸಲು ಒಬ್ಬ ತರಬೇತುದಾರ ಡಾಕ್ಟರಮ್ಮ ಬಂದಳು. ವಯಸ್ಸಿನಲ್ಲಿ ಚಿಕ್ಕವಳು, ಶಿಸ್ತಿನಲ್ಲಿ ಅಜ್ಜಿ. ಎರಡನೇ ದಿನಕ್ಕೇ ಆಪರೇಷನ್ ಥಿಯೇಟರಿನವರು ಆಕೆಗೆ ‘ಹೆಡ್‌ಮಿಸ್ಸು’ ಎಂದು ಹೆಸರಿಟ್ಟರು. ಮೊದಲು ಕಂಪ್ಯೂಟರಿನ ಪರದೆಯ ಮೇಲೆ ಉಂಗುರ ಎತ್ತಿಡುವ ಆಟ, ಆಮೇಲೆ ರಬ್ಬರಿಗೆ ಹೊಲಿಗೆ, ಆಮೇಲೆ ಪ್ಲಾಸ್ಟಿಕ್ಕಿನ ಎದೆಗೂಡಿನೊಳಗೆ ಇಟ್ಟ ಹಂದಿಯ ಹೃದಯ. ಕೊನೆಗೆ ಹೊರಗಿನಿಂದ ಪರೀಕ್ಷಕರು ಬಂದು ನೋಡಿ ಒಪ್ಪಿದರೆ ಪ್ರಮಾಣಪತ್ರ. ಅದು ಡಾಕ್ಟರೊಬ್ಬರಿಗೇ ಕೊಡುವುದಲ್ಲ, ಮೇಜಿನ ಸುತ್ತ ನಿಂತ ಎಲ್ಲರಿಗೂ ಸೇರಿಸಿ. ಒಬ್ಬರು ಎಡವಿದರೆ ಎಲ್ಲರೂ ಬಿದ್ದ ಹಾಗೆ.

“ಒಂದೇ ರೂಲ್,” ಎಂದಳು ಹೆಡ್‌ಮಿಸ್ಸು. “ಸರ್ ಏನು ಬೇಕು ಅಂತ ಜೋರಾಗಿ ಹೇಳ್ತಾರೆ. ನೀವು ಅದನ್ನೇ ವಾಪಸ್ ಹೇಳ್ತೀರ. ಆಮೇಲೆ ಮಾಡ್ತೀರ. ಹೇಳದೇ ಇದ್ರೆ ಕೈ ಅಲ್ಲಾಡಬಾರದು.”

ದೊಡ್ಡ ಸಿಸ್ಟರ್ ತಲೆಯಾಡಿಸಿದಳು. ಮನಸ್ಸಿನಲ್ಲಿ ಮಾತ್ರ, ಇದೆಲ್ಲ ಹೊಸ ಜೋಡಿಗಳಿಗೆ ಇರಬೇಕು, ನಮಗಲ್ಲ ಎಂದುಕೊಂಡಳು.

ಹಂದಿಯ ಹೃದಯದ ಅಭ್ಯಾಸ ಶುರುವಾದ ವಾರ, ಅದರ ಕವಾಟದ ಸುತ್ತ ಬಳೆಯಂಥ ಪಟ್ಟಿಯೊಂದನ್ನು ಹೊಲಿಯಬೇಕಿತ್ತು. ಡಾಕ್ಟರು ಮೈಕಿನಲ್ಲಿ ಮಾತಾಡುವ ಬದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಸಿಸ್ಟರ್ ಗಂಟಲಿನ ಸದ್ದಿಗೇ ಉಪಕರಣ ಬದಲಾಯಿಸುತ್ತಿದ್ದಳು. ಹೆಡ್‌ಮಿಸ್ಸಿನ ಮುಖ ಮೊಳದುದ್ದ ಆಗುತ್ತಿತ್ತು. ಒಂದು ಹೊಲಿಗೆ ಮುಗಿಯುತ್ತಾ ಬಂದಾಗ ಮೂಲೆಯಲ್ಲಿ ಕೂತಿದ್ದ ಡಾಕ್ಟರ ಬಲಭುಜ ತುಸು ಕೆಳಗಿಳಿಯಿತು. ಸಿಸ್ಟರ್ ಓರೆಗಣ್ಣಿನಲ್ಲಿ ನೋಡಿಯೇಬಿಟ್ಟಳು. ಭುಜ ಇಳಿದರೆ ಕತ್ತರಿ! ಕಣ್ಣು ಮಿಟುಕಿಸುವಷ್ಟರಲ್ಲಿ ಯಂತ್ರದ ತೋಳಿನಿಂದ ಇಕ್ಕಳವನ್ನು ಎಳೆದು ಕತ್ತರಿ ಸಿಕ್ಕಿಸಿದಳು. ಇಕ್ಕಳದ ಬಾಯಲ್ಲಿ ಸೂಜಿ ಇನ್ನೂ ಇತ್ತು. ಅದು ಜಾರಿ ಹಂದಿಯ ಹೃದಯದೊಳಗೆ ಎಲ್ಲೋ ಬಿತ್ತು.

“ನಿಲ್ಲಿಸಿ,” ಎಂದಳು ಹೆಡ್‌ಮಿಸ್ಸು. “ಕತ್ತರಿ ಯಾರು ಕೇಳಿದ್ರು?”

“ಸರ್ ಭುಜ ಇಳಿಸಿದ್ರಲ್ಲ ಮೇಡಂ.”

“ಭುಜನಾ?”

ಡಾಕ್ಟರು ಪೆಟ್ಟಿಗೆಯಿಂದ ಮುಖ ತೆಗೆದು, ಕೂತಿದ್ದ ಕುರ್ಚಿಯ ಕೈಯನ್ನು ತೋರಿಸಿದರು. ಅದು ಎತ್ತರವಾಗಿತ್ತಂತೆ, ಮೊಣಕೈ ನೋಯುತ್ತಿತ್ತಂತೆ, ಸರಿಮಾಡಿಕೊಂಡರಂತೆ. ಇಷ್ಟನ್ನೂ ಅವರು ಹೇಳಿದ್ದು ಮೂರು ಪದದಲ್ಲಿ. ಸೂಜಿ ಹುಡುಕಲು ಹಂದಿಯ ಹೃದಯವನ್ನು ಬಿಚ್ಚಿ ಹರವಬೇಕಾಯಿತು.

“ಪೇಷಂಟ್ ಆಗಿದ್ರೆ ಎದೆ ಸೀಳಿ ಹುಡುಕಬೇಕಿತ್ತು ಸಿಸ್ಟರ್,” ಎಂದಳು ಹೆಡ್‌ಮಿಸ್ಸು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಿಸ್ಟರ್‌ಗೆ.

ಆ ಸಂಜೆ ತೊಳೆಯಬೇಕಾದ ಗೌನುಗಳ ಗಂಟು ಹೊತ್ತು ಡಾಕ್ಟರ ಕೋಣೆಯ ಮುಂದೆ ಹೋಗುತ್ತಿದ್ದಾಗ, ಅರ್ಧ ತೆರೆದ ಬಾಗಿಲಿನಿಂದ ಹೆಡ್‌ಮಿಸ್ಸಿನ ದನಿ ಕೇಳಿಸಿತು. “ಸರ್, ಬೇಕಿದ್ರೆ ನಿಮ್ಮ ಜೊತೆ ಬೇರೆ ಸಿಸ್ಟರ್‌ನ ಹಾಕ್ತೀನಿ. ಹೊಸಬರಾದ್ರೆ ಹಳೇ ಅಭ್ಯಾಸ ಇರಲ್ಲ, ಬೇಗ ಕಲೀತಾರೆ. ಬದಲಾಯಿಸ್ಲಾ?”

ಸಿಸ್ಟರ್ ಅಲ್ಲೇ ಕಲ್ಲಾಗಿ ನಿಂತಳು. ಒಳಗಿನಿಂದ ಉತ್ತರವಿಲ್ಲ. ಒಂದು ‘ಊಹೂಂ’ ಆದರೂ ಬಂದೀತೆಂದು ಕಿವಿ ನಿಮಿರಿಸಿ ಕಾದಳು. ತುಟಿ ಪಿಟಕ್ ಎನ್ನಲಿಲ್ಲ ಡಾಕ್ಟರು. ಕೊನೆಗೆ ಹೆಡ್‌ಮಿಸ್ಸು “ಸರಿ ಸರ್” ಎಂದದ್ದು ಕೇಳಿಸಿತು, ಅಷ್ಟೆ. ಸಿಸ್ಟರ್ ಗಂಟು ಎದೆಗವಚಿಕೊಂಡು ಸರಸರನೆ ಹೊರಟುಹೋದಳು.

ಮೌನಿ ಡಾಕ್ಟರ ಮೌನವನ್ನು ಓದಲು ಈ ಆಸ್ಪತ್ರೆಯಲ್ಲಿ ಆಕೆಗಿಂತ ಗೊತ್ತಿದ್ದವರು ಯಾರು? ಓದಿದಳು. ಬದಲಾಯಿಸಿ ಎಂದೇ ಅದರ ಅರ್ಥ. ಮರುದಿನ ಅಭ್ಯಾಸಕ್ಕೆ ಹೋದರೆ ಬೇರೆ ಯಾರೂ ಬಂದಿರಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಹೊಸಬರನ್ನು ತಯಾರು ಮಾಡಲು ಸಮಯವಿಲ್ಲ, ವಿಧಿಯಿಲ್ಲದೆ ನನ್ನನ್ನು ಇಟ್ಟುಕೊಂಡಿದ್ದಾರೆ ಎಂದು ಆಕೆಯೇ ಅದಕ್ಕೂ ಅರ್ಥ ಹಚ್ಚಿದಳು. ಪರೀಕ್ಷೆಯಲ್ಲಿ ಎಡವಿದರೆ ಉಪಕರಣ ತೊಳೆಯುವ ಕೋಣೆಗೆ ವರ್ಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಕೋಣೆಯಲ್ಲಿ ಆವಿ, ನಲ್ಲಿ, ಉಕ್ಕಿನ ಟ್ರೇ ಎಲ್ಲ ಇದ್ದವು. ಮುಖ ಮಾತ್ರ ಒಂದೂ ಇರಲಿಲ್ಲ.

ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಂಡು ಅತ್ತಳು. ಗಂಡನಿಗೆ ಮನೆಯ ಕೆಳಗೇ ಕನ್ನಡಕದ ಅಂಗಡಿ. ಒಳ್ಳೆಯ ಮನುಷ್ಯ, ಸ್ವಲ್ಪ ತಮಾಷೆಯವನು.

“ಬಾಗಿಲು ತಳ್ಳಿ ಕೇಳ್ಬೇಕಿತ್ತು ಕಣೇ,” ಎಂದ.

“ಏನಂತ ಕೇಳ್ಲಿ ರೀ? ಸುಮ್ಮನಿದ್ದದ್ದೇ ಉತ್ತರ ಅಲ್ವಾ?”

“ನನ್ನ ಅಂಗಡಿಗೆ ಬಂದೋರಿಗೆ ಗಾಜು ಹಾಕಿ, ಇದು ಚೆನ್ನಾಗಿ ಕಾಣುತ್ತಾ, ಇದಾ ಅಂತ ಕೇಳ್ತೀನಲ್ಲ, ಯಾಕೆ ಹೇಳು? ಇಷ್ಟು ವರ್ಷದಿಂದ ಕಣ್ಣು ನೋಡ್ತಿದ್ದೀನಿ. ಆದ್ರೂ ಅವರ ಕಣ್ಣೊಳಗೆ ಕೂತು ನೋಡೋಕೆ ನಂಗಾಗಲ್ಲ. ಅವರೇ ಹೇಳ್ಬೇಕು.”

“ನಿಮ್ಮದು ಗಾಜಿನ ವ್ಯಾಪಾರ. ನಂದು ಹಾಗಲ್ಲ,” ಎಂದು ಸಿಸ್ಟರ್ ಮೂಗು ಒರೆಸಿಕೊಂಡು ಎದ್ದಳು.

ಆದರೂ ಹಠ ಹುಟ್ಟಿತು. ಥಿಯೇಟರಿನಲ್ಲಿ ಕೈ ಕಟ್ಟಿ ನಿಲ್ಲಬೇಕಾದರೆ ಮನೆಯಲ್ಲೇ ಅಭ್ಯಾಸವಾಗಲಿ ಎಂದು ಮರುದಿನದಿಂದ ಶುರುಮಾಡಿದಳು. ಕೇಳದೆ ಏನೂ ಕೊಡುವುದಿಲ್ಲ, ಕೇಳಿದ್ದನ್ನು ವಾಪಸ್ ಹೇಳಿಯೇ ಕೊಡುವುದು. ಮನೆಯಲ್ಲಿ ಅಲ್ಲೋಲಕಲ್ಲೋಲ. ಗಂಡ ಸ್ನಾನದ ಮನೆಯಲ್ಲಿ ಟವೆಲ್ ಇಲ್ಲದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ಕೂಗಿದ. ಎಲ್ಲಕ್ಕಿಂತ ತಮಾಷೆ ಅತ್ತೆಯದು.

“ನೀರು ಕೊಡಮ್ಮ,” ಎಂದರು ಅತ್ತೆ.

“ನೀರು,” ಎಂದಳು ಸೊಸೆ.

“ಹ್ಞೂಂ, ನೀರು.”

“ನೀರು ತರ್ತಿದ್ದೀನಿ.”

“ಯಾಕೆ, ನನ್ನನ್ನ ಅಣಕಿಸ್ತೀಯಾ?”

ಇದು ಅಣಕವಲ್ಲ, ಆಸ್ಪತ್ರೆಯ ಪಾಠ ಎಂದು ತಿಳಿಸಿ ಹೇಳಿದ ಮೇಲೆ ಅತ್ತೆಗೆ ಅದರ ರುಚಿ ಹತ್ತಿತು. ಈ ಮನೆಗೆ ಸೊಸೆ ಬಂದಮೇಲೆ ಅವರಿಗೆ ಬಾಯಿ ಬಿಟ್ಟು ಕೇಳುವ ಸುಖವೇ ಸಿಕ್ಕಿರಲಿಲ್ಲ. ಈಗ ಕಿಟಕಿ ಮುಚ್ಚು, ಕಿಟಕಿ ತೆಗಿ, ಅರ್ಧ ತೆಗಿ ಎಂದು ಕೇಳಿದ್ದೇ ಕೇಳಿದ್ದು. ಸೊಸೆ ಒಂದು ಮಾತು ವಾಪಸ್ ಹೇಳಲು ಮರೆತರೆ “ರೂಲ್! ರೂಲ್!” ಎಂದು ಚಪ್ಪಾಳೆ ತಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಚಹಾ ಸೋಸುತ್ತಾ ಸಿಸ್ಟರ್ ಗಂಡನನ್ನು ಕೇಳಿದಳು. “ಸಕ್ಕರೆ ಎಷ್ಟು ಹಾಕ್ಲಿ?”

“ಬೇಡ.”

“ಬೇಡ,” ಎಂದು ನಿಯಮದಂತೆ ವಾಪಸ್ ಹೇಳಿ, ಆಮೇಲೆ ಚಮಚ ಹಿಡಿದುಕೊಂಡೇ ತಿರುಗಿದಳು. “ಏನಂದ್ರಿ? ಬೇಡ್ವಾ?”

“ನಂಗೆ ಚಹಾಕ್ಕೆ ಸಕ್ಕರೆ ಯಾವತ್ತೂ ಇಷ್ಟ ಇಲ್ಲ ಕಣೇ. ಮದುವೆಗೆ ಮುಂಚಿನಿಂದಲೂ.”

“ಹೇಳ್ಬಾರದಿತ್ತಾ!”

“ನೀನು ಕೇಳಿದ್ರೆ ತಾನೇ? ಅಷ್ಟು ಪ್ರೀತಿಯಿಂದ ಕಲಕಿ ತಂದು ಕೊಡ್ತಿದ್ದೆ. ಕುಡ್ಕೊಂಡು ಬಂದೆ,” ಎಂದು ನಕ್ಕ.

ಆತನೇನೋ ನಕ್ಕ. ಸಿಸ್ಟರ್ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಬಿಟ್ಟಳು. ಸೂಜಿ ಬಿದ್ದಾಗ ಕೂಡ ಆಕೆಗೆ ಇಷ್ಟು ಪೆಚ್ಚಾಗಿರಲಿಲ್ಲ. ಸೂಜಿ ಬಿದ್ದದ್ದು ಹೊಸ ಯಂತ್ರದಿಂದ, ಕುರ್ಚಿಯ ಕೈಯಿಂದ ಎಂದು ಹೇಳಿಕೊಂಡು ಮನಸ್ಸನ್ನು ಸಮಾಧಾನ ಮಾಡಬಹುದಿತ್ತು. ಇದಕ್ಕೆ ಯಾವ ಯಂತ್ರ? ಪಕ್ಕದಲ್ಲೇ ಮಲಗುವ ಮನುಷ್ಯನ ಮುಖವನ್ನು ಇಷ್ಟು ಕಾಲ ತಪ್ಪಾಗಿ ಓದಿದ್ದಳು. ಹಾಗಾದರೆ ಅಮ್ಮನ ಮುಖವನ್ನು? ನೀರು ಕೊಟ್ಟಾಗಲೆಲ್ಲ ಅಮ್ಮನಿಗೆ ಬಾಯಾರಿಕೆಯೇ ಆಗಿತ್ತೋ, ಮಗಳು ಪಕ್ಕದಲ್ಲಿ ಕೂತುಕೊಳ್ಳಲಿ ಎಂದಷ್ಟೇ ಇತ್ತೋ? ಇನ್ನು ಕೇಳಲು ಆ ತಾಯಿ ಇಲ್ಲ. ಆ ದಿನ ಸಿಸ್ಟರ್ ಕಣ್ಣು ಕೆಂಪು ಮಾಡಿಕೊಂಡೇ ಕೆಲಸಕ್ಕೆ ಹೋದಳು.

ಅತ್ತ ಡಾಕ್ಟರೂ ಕಷ್ಟಪಡುತ್ತಿದ್ದರು. ಒಂದು ದಿನ ಲಿಫ್ಟಿನವನು ಓಡೋಡಿ ಬಂದು “ಸಿಸ್ಟರ್, ಡಾಕ್ಟ್ರು ಇವತ್ತು ‘ಎರಡನೇ ಮಹಡಿ’ ಅಂದ್ರು!” ಎಂದು ಸುದ್ದಿ ಕೊಟ್ಟ. ಕ್ಯಾಂಟೀನಿನಲ್ಲಿ ‘ಒಂದು ಕಾಫಿ’ ಎಂದರಂತೆ, ಕೌಂಟರಿನವನು ಗಾಬರಿಯಲ್ಲಿ ಎರಡು ಕೊಟ್ಟನಂತೆ. ಅಭ್ಯಾಸದ ಹೊತ್ತಿನಲ್ಲಿ ಮೈಕಿನಿಂದ ಮೆಲ್ಲಗೆ, ಒಂದೊಂದಾಗಿ ಪದಗಳು ಹೊರಬೀಳತೊಡಗಿದವು. ಕತ್ತರಿ. ಕತ್ತರಿ. ಇಕ್ಕಳ. ಇಕ್ಕಳ. ಸಿಸ್ಟರ್ ಮೂಲೆಯ ಕಡೆ ಬೆನ್ನು ತಿರುಗಿಸಿಯೇ ನಿಲ್ಲುತ್ತಿದ್ದಳು, ಭುಜ ಕಣ್ಣಿಗೆ ಬೀಳದಿರಲಿ ಎಂದು. ಕೆಲಸ ಸರಿಯಾಗುತ್ತಿತ್ತು. ಆದರೆ ಆಪರೇಷನ್ನಿನ ಮಾತು ಬಿಟ್ಟು ಇನ್ನೊಂದು ಮಾತು ಆಕೆಯೂ ಆಡಲಿಲ್ಲ. ಬೇಡವಾದವಳಿಗೆ ಮಾತೇನು?

ಪರೀಕ್ಷೆಯ ದಿನ ಹೊರಗಿನಿಂದ ಇಬ್ಬರು ಪರೀಕ್ಷಕರು ಬಂದು ಗೋಡೆಯ ಪಕ್ಕ ನಿಂತರು. ಹಂದಿಯ ಹೃದಯ, ಕವಾಟ, ಅದೇ ಬಳೆಯಂಥ ಪಟ್ಟಿ. ಹೃದಯಕ್ಕೆ ಕೊಳವೆಯಲ್ಲಿ ಕೆಂಪು ನೀರು ಹರಿಸಿದ್ದರು. ಹೊಲಿಗೆಗಳು ಒಂದಾದ ಮೇಲೊಂದು ಸಾಲಾಗಿ ಬಂದವು. ಹೆಡ್‌ಮಿಸ್ಸು ನಿರಾಳವಾಗಿ ಕೈ ಕಟ್ಟಿ ನಿಂತಿದ್ದಳು. ಆಗ ಡಾಕ್ಟರು ಸುಮ್ಮನಾದರು.

ಯಂತ್ರದ ತೋಳು ಸೂಜಿ ಕಚ್ಚಿಕೊಂಡು ನಿಂತಲ್ಲೇ ನಿಂತಿತು. ಮೈಕಿನಿಂದ ಸದ್ದಿಲ್ಲ. ಗೋಡೆಯ ಮಾನಿಟರಿನಲ್ಲಿ ಸಿಸ್ಟರ್‌ಗೆ ಕಾಣುತ್ತಿದ್ದದ್ದು ಗಂಟು ಬಿದ್ದ ಕೊನೆಯ ಹೊಲಿಗೆ, ಉದ್ದ ಉಳಿದ ದಾರ. ಕತ್ತರಿಸಬೇಕು. ಬೇರೇನೂ ಇರಲು ಸಾಧ್ಯವೇ ಇಲ್ಲ. ಬಲಗೈ ತಾನಾಗಿಯೇ ಟ್ರೇಯ ಮೇಲಿನ ಕತ್ತರಿಯ ಹತ್ತಿರ ಹೋಯಿತು. ಪರೀಕ್ಷಕರಲ್ಲಿ ಒಬ್ಬರು ಗಡಿಯಾರ ನೋಡಿದರು. ಕೊಟ್ಟುಬಿಡು ಎನ್ನುತ್ತಿತ್ತು ಇಷ್ಟು ವರ್ಷದ ಕೈ. ಹೇಳುವವರೆಗೆ ಕಾಯು ಎನ್ನುತ್ತಿತ್ತು ನಿಯಮ. ಆಕೆಗೆ ಇದ್ದಕ್ಕಿದ್ದ ಹಾಗೆ ಸಕ್ಕರೆಯ ಚಮಚ ನೆನಪಾಯಿತು.

“ಸರ್,” ಎಂದಳು ಗಟ್ಟಿಯಾಗಿ. “ನಂಗೆ ಗೊತ್ತಾಗ್ತಿಲ್ಲ. ಏನು ಬೇಕು ಹೇಳಿ.”

ಡಾಕ್ಟರ ಮುಂದೆ ಆಕೆ ‘ಗೊತ್ತಾಗ್ತಿಲ್ಲ’ ಎಂದದ್ದು ಅದೇ ಮೊದಲು. ಮೈಕಿನಲ್ಲಿ ಒಂದು ಉಸಿರು ಕೇಳಿಸಿತು. ಆಮೇಲೆ ದನಿ. “ಇಕ್ಕಳ ತೆಗೀಬೇಡಿ. ಪಟ್ಟಿ ಹಿಂದೆ ಒಂದು ಹೊಲಿಗೆ ಸಡಿಲ ಇದೆ. ಸಕ್ಷನ್ ಹತ್ತಿರ ತನ್ನಿ.”

“ಇಕ್ಕಳ ಇರ್ಲಿ. ಸಕ್ಷನ್ ಹತ್ತಿರ,” ಎಂದಳು. ಕತ್ತರಿಯ ಮೇಲಿಂದ ಕೈ ತೆಗೆದಳು.

ಕೆಂಪು ನೀರು ಹೀರಿದ ಮೇಲೆ ಪಟ್ಟಿಯ ಹಿಂದಿನ ಸಂದು ಮಾನಿಟರಿನಲ್ಲೂ ಕಂಡಿತು. ಗೋಡೆಯ ಪರದೆ ಚಪ್ಪಟೆ, ಡಾಕ್ಟರ ಪೆಟ್ಟಿಗೆಯೊಳಗೆ ಆಳ ಕಾಣುತ್ತದೆ. ಅವರು ಕಂಡದ್ದನ್ನು ಆಕೆ ಇಲ್ಲಿಂದ ಕಾಣಲು ಸಾಧ್ಯವೇ ಇರಲಿಲ್ಲ. ಕತ್ತರಿ ಹಾಕಿದ್ದರೆ ಸೂಜಿ ಮತ್ತೆ ಒಳಗೆ ಬೀಳುತ್ತಿತ್ತು, ಇಷ್ಟು ದಿನದ ಶ್ರಮ ನೀರಿನಲ್ಲಿ ಹೋಮ ಆಗುತ್ತಿತ್ತು. ಆಕೆಗೆ ಗಂಡನ ಅಂಗಡಿಯ ಗಾಜುಗಳು ನೆನಪಿಗೆ ಬಂದು, ಮಾಸ್ಕಿನೊಳಗೇ ನಗು ಬಂತು.

ಸಡಿಲ ಹೊಲಿಗೆ ಬಿಗಿಯಾಯಿತು. ಕತ್ತರಿಯನ್ನು ಡಾಕ್ಟರು ಕೇಳಿದರು, ಆಕೆ ವಾಪಸ್ ಹೇಳಿ ಕೊಟ್ಟಳು. ನೀರು ತುಂಬಿ ನೋಡಿದರೆ ಕವಾಟ ಒಂದು ತೊಟ್ಟನ್ನೂ ಹಿಂದಕ್ಕೆ ಬಿಡಲಿಲ್ಲ. ಪರೀಕ್ಷಕರು ತಮ್ಮೊಳಗೆ ಪಿಸುಗುಟ್ಟಿ, ಹೆಡ್‌ಮಿಸ್ಸಿನ ಕೈ ಕುಲುಕಿ, “ಟೇಬಲ್ ಪೂರ್ತಿ ಪಾಸು” ಎಂದು ಹೇಳಿ ಗೌನು ಬಿಚ್ಚಲು ಹೊರಗೆ ಹೋದರು. ಹೊಸ ನರ್ಸ್‌ಗಳು ಚಪ್ಪಾಳೆ ತಟ್ಟಿದರು.

ಡಾಕ್ಟರು ಮಾತ್ರ ಪೆಟ್ಟಿಗೆಯಿಂದ ಮುಖ ತೆಗೆದಿರಲಿಲ್ಲ. ಇಷ್ಟು ಜನರ ಚಪ್ಪಾಳೆಯನ್ನು ಎದುರಿಸಲು ನಾಚಿಕೆಯಿರಬೇಕು ಎಂದುಕೊಂಡಳು ಸಿಸ್ಟರ್. ಮರುಕ್ಷಣ ತನ್ನನ್ನು ತಾನೇ ಗದರಿಕೊಂಡಳು. ಅಂದುಕೊಳ್ಳುವುದು ಯಾಕೆ? ಇಷ್ಟು ದಿನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿದ್ದದ್ದು ನಾಲಿಗೆಯ ತುದಿಗೆ ಬಂತು.

“ಸರ್, ಒಂದು ಕೇಳ್ಲಾ? ಅವತ್ತು ಮೇಡಂ, ಬೇರೆ ಸಿಸ್ಟರ್‌ನ ಹಾಕ್ಲಾ ಅಂತ ಕೇಳಿದ್ರಲ್ಲ. ನಾನು ಬಾಗಿಲ ಹೊರಗಿದ್ದೆ. ನೀವು ಯಾಕೆ ಏನೂ ಹೇಳ್ಲಿಲ್ಲ?”

ಡಾಕ್ಟರು ಪೆಟ್ಟಿಗೆಯಲ್ಲಿ ಮುಖವಿಟ್ಟುಕೊಂಡೇ ಮಾತಾಡಿದರು. ಮೈಕು ಆನ್ ಇತ್ತು, ದನಿ ನಾಲ್ಕೂ ಗೋಡೆಗೆ ಕೇಳಿಸಿತು.

“ತಲೆ ಅಡ್ಡಡ್ಡ ಅಲ್ಲಾಡಿಸಿದ್ನಲ್ಲ.”

ಸಿಸ್ಟರ್ ಹೆಡ್‌ಮಿಸ್ಸಿನ ಕಡೆ ನೋಡಿದಳು. “ಹೌದು ಸಿಸ್ಟರ್,” ಎಂದಳು ಹೆಡ್‌ಮಿಸ್ಸು, “ಎಷ್ಟು ಜೋರಾಗಿ ಅಲ್ಲಾಡಿಸಿದ್ರು ಅಂದ್ರೆ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ನಿಮಗೆ ಯಾರೂ ಹೇಳ್ಲಿಲ್ವಾ?”

ಯಾರು ಹೇಳಬೇಕು? ಹೇಳಬೇಕಾದವರು ತಲೆ ಅಲ್ಲಾಡಿಸಿ ಹೇಳಿದ್ದರು, ಕೇಳಬೇಕಾದವಳು ಬಾಗಿಲಿನ ಹಿಂದೆ ನಿಂತು ಅವರ ಮನಸ್ಸು ಓದುತ್ತಿದ್ದಳು. ಸಿಸ್ಟರ್‌ಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಗ್ಲೌಸು ಹಾಕಿದ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿಲ್ಲ. ಮುಖ ಮೇಲೆತ್ತಿ ನಿಂತಳು.

ಮೈಕು ಮತ್ತೆ ಗಂಟಲು ಸರಿಮಾಡಿಕೊಂಡಿತು. ಡಾಕ್ಟರು ಈ ಸಲ ಒಂದೊಂದೇ ಪದವನ್ನು ಬಿಡಿಸಿ, ಪರೀಕ್ಷೆಯಲ್ಲಿ ಅಪ್ಪಣೆ ಕೊಟ್ಟಂತೆಯೇ ಹೇಳಿದರು. “ಬೇರೆ ಸಿಸ್ಟರ್ ಬೇಡ. ನೀವೇ ಬೇಕು.”

ಎಲ್ಲರೂ ದೊಡ್ಡ ಸಿಸ್ಟರ್ ಕಡೆ ತಿರುಗಿದರು. ನಿಯಮ ಇತ್ತಲ್ಲ, ಹೇಳಿದ್ದನ್ನು ವಾಪಸ್ ಹೇಳಬೇಕಿತ್ತು. ಆಕೆ ಮೂಲೆಯ ಪೆಟ್ಟಿಗೆಯ ಕಡೆ ಮುಖ ಮಾಡಿ ನಿಂತಳು.

“ಬೇರೆ ಸಿಸ್ಟರ್ ಬೇಡ,” ಎಂದಳು. “ನಾನೇ ಬೇಕು.”